ಗೋಡೆಯ ಮೇಲೆ ಏಳು ಗೆರೆ

"ಲೇ ಸುಣ್ಣದವನೇ, ಗೋಡೇನ ಹಂಗ್ಯಾಕೋ ನೋಡ್ತೀಯ, ಅದೇನು ನಿನ್ ಹೆಂಡ್ತಿ ಮುಖಾನಾ? ಬಳಿಯೋ, ಬೋಳಿಮಗನೆ."

ಠಾಣೆಯ ಸಾಹೇಬರು ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸುಣ್ಣದವನು ಕುಂಚ ಅದ್ದಿ ಕಿಟಕಿಯ ಕೆಳಗೆ ನಿಂತಿದ್ದ. ಎರಡು ವರ್ಷದ ಹಿಂದೆ, ಮಾಡದ ಕಳ್ಳತನ ಒಪ್ಪಿಕೋ ಅಂತ ಇದೇ ಕೋಣೆಯಲ್ಲಿ ಅವನನ್ನು ಏಳು ದಿನ ತೂಗುಹಾಕಿ ಬಡಿದಿದ್ದರು. ಇಳಿಸಿದಾಗಲೆಲ್ಲ, ದಿನಕ್ಕೊಂದರಂತೆ, ಕಿಟಕಿಯ ಕೆಳಗೆ ಉಗುರಲ್ಲಿ ಗೆರೆ ಕೊರೆದಿದ್ದ. ಅವನು ಹಾಕಿದ ಕೇಸಿಗೆ, ಈ ಮನುಷ್ಯನನ್ನು ನಾವು ಒಳಗೆ ಹಾಕಿಯೇ ಇಲ್ಲ ಅಂತ ಠಾಣೆಯವರು ಕೋರ್ಟಿಗೆ ಬರೆದುಕೊಟ್ಟ ಮೇಲೆ ಅವನ ಪಾಲಿಗೆ ಉಳಿದ ಸಾಕ್ಷಿ ಎರಡೇ: ಆ ಗೆರೆಗಳು, ಮತ್ತು ಜೊತೆಗೇ ಒದೆ ತಿಂದಿದ್ದ ಹೆಂಡತಿಯ ಅಣ್ಣ. ನಾಳೆ ಹತ್ತಕ್ಕೆ ಜಡ್ಜು ಖುದ್ದಾಗಿ ಗೋಡೆ ನೋಡಲು ಬರುವವರಿದ್ದರು.

ಆ ಅಣ್ಣನೇ ಇವತ್ತಿನ ಮೇಸ್ತ್ರಿ. ಶಾಲೆಗೆ ಬಣ್ಣ ಹೊಡೀಬೇಕು ಬಾ ಅಂತ ಬೆಳಗ್ಗೆ ಏಣಿ ಹೊರಿಸಿಕೊಂಡು ಕರೆತಂದಿದ್ದ. ತಿರುವಿನಲ್ಲಿ ಠಾಣೆ ಕಂಡು ಕಾಲ್ಕಿತ್ತ ಸುಣ್ಣದವನನ್ನು ಇಬ್ಬರು ಪೇದೆಗಳು ಎಳೆದು ತಂದರು. ಕೊರೆದವನೇ ಬಳಿಯಲಿ ಎನ್ನುವುದು ಸಾಹೇಬರ ಹುಕುಂ.

"ಯಾಕೆ ಭಾವ?"

ಮೇಸ್ತ್ರಿ ಬಣ್ಣ ಕಲಸುತ್ತಲೇ ಇದ್ದ. "ನಂಗೇನೂ ಆಗಿಲ್ಲ ಅಂತ ಮೊನ್ನೆ ಬರ್ದುಕೊಟ್ಟೆ ಕಣೋ. ನನ್ ಮೇಲಿನ ಕೇಸು ತೆಗೀತಾರಂತೆ."

"ನಾನು ಕೂಗ್ಕೊಳ್ಳೋವಾಗ ಪಕ್ಕದಲ್ಲೇ ನೀವೂ ಕೂಗ್ಕೊತಿದ್ರಲ್ಲ."

"ಅದನ್ನೇ ಮರೀಬೇಕು ನಂಗೆ."

ಸುಣ್ಣದವನು ಗೋಡೆಯ ಕಡೆ ತಿರುಗಿದ. ಸಾಹೇಬರ ಏಟಿಗೆ ಬೆನ್ನು ಕೊಟ್ಟು ಬದುಕಿಕೊಂಡಿದ್ದ. ಈ ಏಟಿಗೆ ಎಲ್ಲಿ ಕೊಡುವುದೋ ತಿಳಿಯಲಿಲ್ಲ.

ಫೋನು ಬಂದು ಸಾಹೇಬರು ಎದ್ದು ಹೋದರು, ಮೇಸ್ತ್ರಿ ನೀರು ತರಲು ಹೋದ. ತಾರಸಿಯ ಬಿರುಕಿಗೆ ತಂದ ಡಾಂಬರಿನ ಡಬ್ಬ ಮೂಲೆಯಲ್ಲಿತ್ತು. ಸುಣ್ಣದವನು ಬೆರಳದ್ದಿ ಏಳು ಗೆರೆಗೂ ಡಾಂಬರು ತುಂಬಿದ, ಮೇಲೆ ಬಿಳಿ ಎಳೆದ. ಡಾಂಬರಿನ ಮೇಲೆ ಎಷ್ಟು ಸಲ ಬಿಳಿ ಬಳಿದರೂ ಬೆಳಗಾಗುವುದರೊಳಗೆ ಕಲೆ ಎದ್ದು ಬರುತ್ತದೆ. ಅದು ಕುಂಚ ಹಿಡಿದವರಿಗಷ್ಟೇ ಗೊತ್ತು. ವಾಪಸು ಬಂದು ಕುರ್ಚಿಯಲ್ಲಿ ಕೂತ ಸಾಹೇಬರು ಗೋಡೆ ನೋಡಿ, ಈಗ ಬುದ್ಧಿ ಬಂತು ನನ್ ಮಗನಿಗೆ ಅಂತ ನಕ್ಕರು.

ನೀರು ತಂದಿಟ್ಟ ಮೇಸ್ತ್ರಿಯ ಕಣ್ಣು ಮಾತ್ರ ಸುಣ್ಣದವನ ಕಪ್ಪು ಬೆರಳಿನ ಮೇಲೆ ನಿಂತಿತು. ಎಷ್ಟಾದರೂ ನಾನು ತಂಗಿಯ ಗಂಡ, ಭಾವ ಬಾಯಿ ಬಿಡಲಾರ ಅಂತ ಸುಣ್ಣದವನು ಆಗಲೂ ನಂಬಿದ.

"ಸಾಹೇಬ್ರೇ," ಮೇಸ್ತ್ರಿ ಮೆಲ್ಲಗೆ ಹೇಳಿದ, "ಒಳಗೆ ಡಾಂಬರು ತುಂಬವ್ನೆ. ನಾಳೆ ಎದ್ದು ಕಾಣುತ್ತೆ. ಕೆರೆಸ್ಬೇಕು."

ಸುಣ್ಣದವನು ಎರಡೂ ಕೈಗಳನ್ನು ಡಬ್ಬದೊಳಗೆ ಅದ್ದಿದ. ಸಾಹೇಬರು ಕುರ್ಚಿಯಿಂದ ಏಳುವಷ್ಟರಲ್ಲಿ ಹಸಿ ಗೋಡೆಯ ಮೇಲೆ, ಕೈಗೆಟುಕುವ ಎತ್ತರದಿಂದ ನೆಲದವರೆಗೆ, ಅಂಗೈಯಗಲದ ಗೆರೆ ಎಳೆಯತೊಡಗಿದ್ದ. ಪೇದೆಗಳು ಓಡಿ ಬಂದರು. ಬೆನ್ನಿಗೆ ಮೊದಲ ಲಾಠಿ ಬಿದ್ದಾಗ ಐದನೆಯದು ಮುಗಿದಿತ್ತು.

"ಈಗ ಬಳಿಯೋ, ಮೇಸ್ತ್ರಿ," ಎಂದ, ಆರನೆಯದನ್ನು ಎಳೆಯುತ್ತಾ.