ಮನೆಗೊಬ್ಬಳೇ ಮೀರಾಬಾಯಿ

ಮದುವೆಯಾಗಿ ಬೀದರಿನ ಗಾಂಧಿ ಗಂಜ್ ಎಂಬ ಕಾಳುಪೇಟೆಯ ಹಿಂದಿನ ಓಣಿಯ ಆ ಮನೆಗೆ ಬಂದ ದಿನವೇ ಅತ್ತೆ ನನ್ನ ಹೆಸರು ಬದಲಾಯಿಸಿದರು.

"ಇವತ್ತಿನಿಂದ ನೀ ಸುನಂದಾ," ಅಂದರು. "ಈ ಮನ್ಯಾಗ ಮೀರಾಬಾಯಿ ಅಂದ್ರ ನಾ ಒಬ್ಬಾಕಿನೇ."

ನಮ್ಮ ಕಡೆ ಇದು ಹೊಸ ಸಂಗತಿಯಲ್ಲ. ಅತ್ತೆಯ ಹೆಸರು, ಸೊಸೆಯ ಹೆಸರು ಒಂದೇ ಆಗಿದ್ದರೆ ಸೊಸೆ ತನ್ನದನ್ನು ಬಿಡಬೇಕು. ಸೊಸೆಯಾದವಳು ಅತ್ತೆಯ ಹೆಸರನ್ನು ಅವರೆದುರು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹಾಗಿರುವಾಗ ಅದೇ ಹೆಸರನ್ನು ಇಟ್ಟುಕೊಂಡು ಅದೇ ಮನೆಯಲ್ಲಿ ಓಡಾಡುವುದೆಂದರೇನು? ಬುದ್ಧ ವಂದನೆ ಹೇಳಿ, ಹಾರ ಬದಲಿಸಿ ಮದುವೆಯಾದವರು ನಾವು. ಮುಹೂರ್ತ ಬಿಟ್ಟಿದ್ದೆವು, ಜಾತಕ ಬಿಟ್ಟಿದ್ದೆವು. ಇದೊಂದನ್ನು ಯಾರೂ ಬಿಟ್ಟಿರಲಿಲ್ಲ.

ಬಾಯಿಗೆ ಬಂದದ್ದನ್ನು ಆಡಿಬಿಡುವ ಧೈರ್ಯ ನನಗೆ ಚಿಕ್ಕಂದಿನಿಂದಲೂ ಇಲ್ಲ. ಎದುರಿನವರ ಮುಖ ನೋಡುತ್ತೇನೆ, ಆಮೇಲೆ ಮಾತು ಹುಡುಕುತ್ತೇನೆ. ಅಂದೂ ಅತ್ತೆಯ ಮುಖ ನೋಡಿದೆ. ಅಲ್ಲಿ ಸಿಟ್ಟಿರಲಿಲ್ಲ. ಬಾಗಿಲಿಗೆ ಕೀಲಿ ಹಾಕಿ ಇನ್ನೊಮ್ಮೆ ಎಳೆದು ನೋಡುವವರ ಎಚ್ಚರ ಇತ್ತು.

"ಬ್ಯಾಡ್ರಿ ಅತ್ತಿ," ಅಂದೆ. "ನನಗ ಹೆಸರದ."

ನನ್ನ ಗಂಡ ಮಚ್ಛೇಂದ್ರ ಚಪ್ಪಲಿ ಹುಡುಕುವ ನೆವ ಮಾಡಿ ಹೊರಗೆ ಹೋದರು.

ಅಂದಿನಿಂದ ಆ ಮನೆಯಲ್ಲಿ ನನಗೆ ಹೆಸರೇ ಇಲ್ಲವಾಯಿತು. ಸುನಂದಾ ಎಂದರೆ ನಾನು ಓಗೊಡುತ್ತಿರಲಿಲ್ಲ, ಮೀರಾಬಾಯಿ ಎಂದು ಅತ್ತೆ ಕರೆಯುತ್ತಿರಲಿಲ್ಲ. "ಏ, ಕೇಳಸ್ತದೇನು?" ಎನ್ನುತ್ತಿದ್ದರು. ತೀರ ಅವಸರವಿದ್ದರೆ "ಔರಾದ ಸಾಲಿಯಾಕಿ" ಎನ್ನುತ್ತಿದ್ದರು. ನಾನು ಔರಾದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ದಿನವೂ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಅತ್ತೆಯ ಎದುರು ಯಾರಾದರೂ ಹೆಸರು ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ನೀರಿನ ಟ್ಯಾಂಕರಿನವನು ಕೇಳಿದಾಗಲೂ "ಇವರ ಸೊಸಿ" ಎಂದಷ್ಟೇ ಹೇಳಿ ಕೊಡ ಮುಂದೆ ಮಾಡಿದ್ದೆ. ಒಲ್ಲದ ಹೆಸರನ್ನು ತಡೆದಿದ್ದೆ, ಸರಿ. ಆದರೆ ಇದ್ದ ಹೆಸರು ಹೇಳಲಾಗುತ್ತಿರಲಿಲ್ಲ.

ಮೊದಮೊದಲು ಇದೆಲ್ಲ ಬರೀ ಸಂಪ್ರದಾಯದ ಹಟ ಎಂದುಕೊಂಡಿದ್ದೆ. ಅದಕ್ಕಿಂತ ಹೆಚ್ಚಿನದು ಇದೆಯೆಂದು ಗಂಜಿನಲ್ಲಿ ತಿಳಿಯಿತು. ಅತ್ತೆ ಅಲ್ಲಿ ದಲ್ಲಾಳಿಗಳ ಅಡತಿ ಅಂಗಡಿಗಳ ಮುಂದೆ ತೊಗರಿ, ಹೆಸರುಕಾಳು, ಉದ್ದು ಹಸನು ಮಾಡುವ ಕೆಲಸದವರು. ಒಂದು ರಜೆಯ ದಿನ ಬುತ್ತಿ ಒಯ್ದಾಗ ಅವರ ಗೆಳತಿ ಅನ್ವರಿ ಬೇಗಂ ನನ್ನನ್ನು ಕೂಡಿಸಿಕೊಂಡು ಕಾಳಿನ ರಾಶಿಯ ಪಕ್ಕದಲ್ಲಿದ್ದ ಜರಡಿ ತೋರಿಸಿದರು.

ಮೂರು ಬಿದಿರಿನ ಗಳ ಕೂಡಿಸಿ, ನಡುವೆ ಹಗ್ಗದಿಂದ ಜರಡಿ ತೂಗುಹಾಕಿದ್ದರು. ಒಂದು ಬದಿಗೆ ಹಳೆಯ ಸೈಕಲ್ ಟ್ಯೂಬು ಬಿಗಿದಿತ್ತು. ಈ ಕಡೆಯಿಂದ ಎಳೆದು ಬಿಟ್ಟರೆ ಟ್ಯೂಬು ಅದನ್ನು ಆ ಕಡೆಗೆ ಎಳೆದುಕೊಳ್ಳುತ್ತಿತ್ತು.

"ಮೊದಲ ದೊಡ್ಡ ಜರಡಿಗಿ ಇಬ್ಬರ ಬೇಕಿತ್ತು ಬೇಟಾ," ಅಂದರು ಅನ್ವರಿ ಬೇಗಂ. "ಆ ಕಡಿ ನಾ, ಈ ಕಡಿ ನಿಮ್ಮತ್ತಿ. ನಾ ಬಾಣಂತಿಯಾಗಿ ಮನ್ಯಾಗ ಕುಂತೆ. ಆಕಿಗಿ ಜೋಡಿ ಇಲ್ಲ. ಜೋಡಿ ಇಲ್ದಾಕಿಗಿ ಕೆಲಸ ಇಲ್ಲ, ಹೋಗಂತ ಅಂದ್ರು. ಮರದಿನ ಈ ಬಿದರ ತಂದು ಹೂಡಿದ್ಳು. ಸೇಠ ನಕ್ಕ. ಅಂವಂದು ನಗು ಮುಗಿಯೂದ್ರಾಗ ಒಂದು ಚೀಲ ಹಸನ ಮಾಡಿ ಕಟ್ಟಿದ್ಳು."

"ಚೀಲ ಅಲ್ಲ, ಅರ್ಧಾ ಚೀಲ," ಎಂದರು ಅತ್ತೆ, ಕೈ ನಿಲ್ಲಿಸದೆ. "ಏನರ ಹೇಳಬ್ಯಾಡ."

"ಈಗ ಇಡೀ ಗಂಜಿನಾಗ ಇದಕ್ಕ ಮೀರಾಬಾಯಿ ಜರಡಿ ಅಂತಾರ. ಬಸವಕಲ್ಯಾಣದ ತನಕಾ ಹೋಗೇದ."

ಅತ್ತೆ ಆಗ ನನ್ನ ಕಡೆ ನೋಡಿದರು. "ಈ ಹೆಸರ ಅವ್ವ ಅಪ್ಪ ಇಟ್ಟಿದ್ದು ಖರೆ. ಆದ್ರ ಅದನ್ನ ದುಡದು ಗಳಿಸಿದಾಕಿ ನಾ. ಸುಮ್ಮ ಸುಮ್ಮನ ಯಾರಿಗೂ ಪಾಲ ಕೊಡಂಗಿಲ್ಲ."

ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ನನ್ನ ಹೆಸರನ್ನು ನಾನೂ ಎಲ್ಲಿಂದಲೋ ಎತ್ತಿಕೊಂಡು ಬಂದಿರಲಿಲ್ಲ.

ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ಮಾಂಜ್ರಾ ನದಿಯ ಪಾತ್ರದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಲಾತೂರಿಗೆ ರೈಲಿನಲ್ಲಿ ನೀರು ಬರುತ್ತಿತ್ತು. ಗಂಜಿಗೆ ಮಾಲು ಬರುವುದು ಕಡಿಮೆಯಾಗಿ ಹಸನು ಮಾಡುವ ಹೆಂಗಸರು ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋದರು. ಮಚ್ಛೇಂದ್ರ ಪುಣೆಯ ಕಾರ್ಖಾನೆ ಸೇರಿಕೊಂಡರು. ಫೋನು ಮಾಡಿದಾಗ ನಾನು ಹೆಸರಿನ ಮಾತೆತ್ತಿದರೆ "ನೀವಿಬ್ಬರೂ ನೋಡಿಕೊಳ್ರಿ, ನನಗ ಡ್ಯೂಟಿ ಟೈಮಾಯ್ತು" ಎನ್ನುತ್ತಿದ್ದರು. ಯಾವ ಹೊತ್ತಿಗೆ ಮಾಡಿದರೂ ಅವರಿಗೆ ಡ್ಯೂಟಿಯ ಹೊತ್ತೇ.

ಒಂದು ಭಾನುವಾರ ಭಾಲ್ಕಿಗೆ, ತವರಿಗೆ ಹೋದೆ. ಅಪ್ಪ ಕಾಶೀರಾಮರು ಎಲ್ಲ ಕೇಳಿ ಪೇಪರು ಮಡಚಿ ಬಿಚ್ಚಿ ಮಾಡಿದರು. ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: "ನನ್ನ ಹೆಸರೇನು?"

"ಶಾಲುಬಾಯಿ."

"ಅಲ್ಲ. ಕೇಶರಬಾಯಿ. ಈ ಮನಿಗಿ ಬಂದಾಗ ನಮ್ಮ ನೆಗೆಣ್ಣಿ, ನಿಮ್ಮಪ್ಪನ ಅಣ್ಣನ ಹೆಂಡ್ತಿ ಹೆಸರೂ ಅದೇ ಇತ್ತು, ಹಿರ್ಯಾಕಿ. ಅದಕ ಶಾಲು ಅಂತ ಇಟ್ಟರು."

ಇಷ್ಟು ವರ್ಷ ಇದು ನನಗೆ ಗೊತ್ತಿರಲಿಲ್ಲ. "ನಿನಗ ಏನೂ ಅನಿಸಲಿಲ್ಲೇನವ್ವ?"

"ಮೊದಲ ಅನಸ್ತಿತ್ತು. ಈಗ ಬಜಾರದಾಗ ಯಾರರ ಕೇಶರಬಾಯಿ ಅಂತ ಒದರಿದ್ರೂ ನಾ ಹೊಳ್ಳಿ ನೋಡಂಗಿಲ್ಲ." ಹಂಚಿನ ಮೇಲಿನ ರೊಟ್ಟಿ ಮಗುಚಿದಳು. "ಆ ಹುಡುಗಿ ಎಲ್ಲಿ ಹೋದ್ಳೋ ಯಾರಿಗಿ ಗೊತ್ತು. ಹೊಂದಕೊಂಡು ಹೋಗವ್ವ, ಹೆಸರಾಗ ಏನದ."

ಬರುವಾಗ ಬಸ್ಸಿನಲ್ಲಿ ಅವ್ವನ ಮೇಲೆ ವಿಪರೀತ ಸಿಟ್ಟು ಬಂತು. ಆಮೇಲೆ ಆ ಸಿಟ್ಟು ಅವಳ ಮೇಲಿನದಲ್ಲ ಎಂದು ತಿಳಿಯಿತು. ಹೊಂದಿಕೊಂಡು ಹೋಗುವುದಿಲ್ಲ ಎಂದು ಅಂದೇ ನಿಶ್ಚಯ ಮಾಡಿದೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಶಾಲೆಯಲ್ಲಿ ಆಗ ಬೇರೆಯೇ ಚಿಂತೆ. ಬಿಸಿಯೂಟದ ಮುಂಚೆ ಮಕ್ಕಳು ಕೈ ತೊಳೆಯಲು ನಿಂತರೆ ಒಬ್ಬೊಬ್ಬರು ಒಂದೊಂದು ತಂಬಿಗೆ ನೀರು ಚೆಲ್ಲುತ್ತಿದ್ದರು. ತೊಳೆಯಬೇಡಿ ಎಂದರೆ ಹೊಟ್ಟೆನೋವು. ಗಾಳಿಯ ಒತ್ತಡದ ಪಾಠ ಮಾಡುತ್ತಿದ್ದಾಗ ನನಗೊಂದು ಹೊಳೆಯಿತು. ತಂಪು ಪಾನೀಯದ ದಪ್ಪ ಬಾಟಲಿಯೊಂದಕ್ಕೆ ತಳದ ಹತ್ತಿರ ಕಾಯಿಸಿದ ಮೊಳೆಯಿಂದ ತೂತು ಹಾಕಿ, ನೀರು ತುಂಬಿ, ಕಿಟಕಿಯ ಸರಳಿಗೆ ಕಟ್ಟಿದೆ. ಮುಚ್ಚಳ ಬಿಗಿಯಾಗಿದ್ದರೆ ನೀರು ನಿಲ್ಲುತ್ತದೆ. ಸ್ವಲ್ಪ ಸಡಿಲಿಸಿದರೆ ದಾರದಂತೆ ಇಳಿಯುತ್ತದೆ. ತೆಳ್ಳಗಿನ ಬಾಟಲಿಗಳು ಒಳಗೆ ಚಪ್ಪಟೆಯಾಗಿ ನೀರು ಬಿಟ್ಟುಕೊಟ್ಟವು. ತೂತು ದೊಡ್ಡದಾದರೆ ನಿಲ್ಲಲಿಲ್ಲ. ಬಾಟಲಿ ಬದಲಿಸಿ, ಮೊಳೆ ಬದಲಿಸಿ ಸಾಕಾದ ಮೇಲೆ ಒಂದು ಸರಿಯಾಗಿ ನಿಂತಿತು. ಒಂದು ತಂಬಿಗೆ ನೀರಿನಲ್ಲಿ ಒಂದು ಸಾಲು ಮಕ್ಕಳು ಕೈ ತೊಳೆದರು. ಮಕ್ಕಳೇ ಅದನ್ನು ಮನೆಗಳಿಗೆ ಒಯ್ದರು. ಮದುವೆ ಊಟದ ಚಪ್ಪರಗಳಿಗೂ ಅದು ಹೋಯಿತು. ಔರಾದದಲ್ಲಿ ಅದಕ್ಕೆ ಮೀರಾಬಾಯಿ ಟೀಚರ ಬಾಟ್ಲಿ ಎನ್ನುತ್ತಿದ್ದರು. ಮನೆಯಲ್ಲಿ ನಾನು ಈ ಮಾತು ಹೇಳಲಿಲ್ಲ. ಹೇಳಬೇಕಾದರೆ ಹೆಸರು ಹೇಳಬೇಕಿತ್ತು.

ಬೇಸಿಗೆಯಲ್ಲಿ ಬೀದರಿನ ಒಂದು ಸಂಸ್ಥೆಯವರು ಹೆಂಗಸರು ಕಷ್ಟಕಾಲದಲ್ಲಿ ತಾವೇ ಮಾಡಿದ ಸಾಧನಗಳ ಪ್ರದರ್ಶನ ಇಟ್ಟುಕೊಂಡರು. ಅದರ ಉಸ್ತುವಾರಿ ಆಲ್ಬರ್ಟ್ ಸರ್ ಎಂಬ ನಿವೃತ್ತ ಮೇಷ್ಟ್ರದು. ಅವರು ಮನೆಯ ಫೋನಿಗೆ ಕರೆ ಮಾಡಿ "ಮೀರಾಬಾಯಿಯವರು ತಮ್ಮ ಸಾಧನ ತಗೊಂಡು ಬರ್ಬೇಕ್ರಿ" ಎಂದರು. ಫೋನು ಎತ್ತಿದ್ದು ಅತ್ತೆ. ಜರಡಿ ಬಿಚ್ಚಿ ಕಟ್ಟತೊಡಗಿದರು. ಮರುದಿನ ಅದೇ ಆಲ್ಬರ್ಟ್ ಸರ್ ಔರಾದ ಶಾಲೆಗೂ ಹೇಳಿ ಕಳಿಸಿದ್ದು ನನಗೆ ತಲುಪಿತು. ಪ್ರದರ್ಶನದ ದಿನ ನಾನೂ ಬಾಟಲಿ ಚೀಲಕ್ಕೆ ಹಾಕಿಕೊಂಡೆ.

"ನೀ ಎಲ್ಲಿಗಿ?" ಎಂದರು ಅತ್ತೆ ಬಾಗಿಲಲ್ಲಿ.

"ನನಗೂ ಕರದಾರ್ರಿ."

"ಜರಡಿ ಹೊರಾಕೇನು?"

"ಅದನ್ನೂ ಹೊರ್ತೇನಿ," ಅಂದೆ. ಬಿದಿರಿನ ಗಳ ಹೆಗಲಿಗಿಟ್ಟುಕೊಂಡೆ.

ಸಭಾಂಗಣದ ಬಾಗಿಲಿಗೆ ಬಂದವಳು ಹಾಗೇ ನಿಂತುಬಿಟ್ಟೆ. ಒಂದು ಮೇಜು, ಒಂದು ಕುರ್ಚಿ, ಹಿಂದೆ ದೊಡ್ಡ ಬ್ಯಾನರು. ಅದರಲ್ಲಿ 'ಮೀರಾಬಾಯಿ, ಬೀದರ: ಎರಡು ಸಾಧನ, ಒಂದೇ ಕೈ' ಎಂದಿತ್ತು. ಕೆಳಗೆ ಜರಡಿಯ ಚಿತ್ರ, ಬಾಟಲಿಯ ಚಿತ್ರ.

ಆಲ್ಬರ್ಟ್ ಸರ್ ನಮ್ಮಿಬ್ಬರನ್ನು ನೋಡಿ, ವಿಷಯ ತಿಳಿದು, ಹಣೆ ಒರೆಸಿಕೊಂಡರು. "ಗಂಜಿನಾಗೂ ಮೀರಾಬಾಯಿ ಅಂದ್ರು, ಔರಾದದಾಗೂ ಮೀರಾಬಾಯಿ ಅಂದ್ರು. ಮನಿ ನೋಡಿದ್ರ ಒಂದೇ. ಒಂದು ಮನ್ಯಾಗ ಇಬ್ಬರು ಮೀರಾಬಾಯಿ ಎಲ್ಲಿ ಇರ್ತಾರ್ರಿ? ನಮ್ಮ ಕಡಿ ಇಡಂಗೇ ಇಲ್ಲಲ್ಲ! ಅದಕ ಒಬ್ಬರೇ ಅಂತ ತಿಳದೆ." ಅವರು ಒಳ್ಳೆಯ ಮನುಷ್ಯರು, ತಪ್ಪನ್ನು ಕೂಡಲೇ ಸರಿಮಾಡಲು ಹೊರಟರು. ದಪ್ಪ ಕಾಗದ ತಂದು, ಪೆನ್ನಿನ ಮುಚ್ಚಳ ತೆಗೆದು ಅತ್ತೆಯನ್ನು ಕೇಳಿದರು: "ಸೊಸಿಗಿ ಮನ್ಯಾಗ ಏನ್ ಹೆಸರ ಇಟ್ಟೀರಿ ಬಾಯಿ? ಅದನ್ನೇ ಬರದು ಬಾಟ್ಲಿ ಮುಂದ ಇಡ್ತೇನಿ."

ಗಂಜಿನ ಹೆಂಗಸರು ಜರಡಿ ನೋಡಲೆಂದು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ನನ್ನ ಶಾಲೆಯ ಇಬ್ಬರು ಶಿಕ್ಷಕಿಯರೂ ಇದ್ದರು. ಅತ್ತೆ ನನ್ನ ಕಡೆ ನೋಡಲಿಲ್ಲ.

"ಸುನಂದಾ," ಎಂದರು.

ಪೆನ್ನು ಕಾಗದದ ಮೇಲೆ ಓಡಿತು. ನನ್ನ ಬಾಟಲಿಯ ಮುಂದೆ ಸುನಂದಾ ಎಂಬ ಕಾಗದ ಬಂದು ನಿಂತಿತು. ಭಾಲ್ಕಿಯ ಅಡುಗೆಮನೆಯ, ಕರೆದರೂ ಹೊಳ್ಳಿ ನೋಡದ ಅವ್ವ ಕಣ್ಣ ಮುಂದೆ ಬಂದಳು. ಮೇಜಿನ ಹತ್ತಿರ ಹೋಗಿ ಆ ಕಾಗದ ತೆಗೆದೆ.

"ಇದು ನನ್ನ ಹೆಸರಲ್ರಿ ಸರ್. ನನ್ನ ಹೆಸರು ಮೀರಾಬಾಯಿ."

ಹಿಂದಿನ ಸಾಲಿನಿಂದ ಯಾರೋ "ಅಯ್ಯಯ್ಯ, ಅತ್ತಿ ಎದುರೇ ಹೆಸರ ಹಿಡದ್ಳಲ್ಲವ್ವ!" ಎಂದರು. ಇನ್ನೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತೆಯ ಕಿವಿ ಕೆಂಪಾಗಿತ್ತು.

ಆಲ್ಬರ್ಟ್ ಸರ್ ಗಾಬರಿಯಾಗಿ ಇನ್ನೊಂದು ದಾರಿ ಹುಡುಕಿದರು. "ಜಗಳ ಬ್ಯಾಡ್ರಿ, ಮುಖ್ಯ ಅತಿಥಿ ಬರೂ ಟೈಮಾಗೇದ. ಬ್ಯಾನರ ಹ್ಯಾಂಗದ ಹಾಂಗೇ ಇರಲಿ. ನೀವು ಕಲತವರು ಟೀಚರ, ನೀವೇ ಕುರ್ಚಿ ಮ್ಯಾಲ ಕೂಡ್ರಿ. ಜರಡಿ, ಬಾಟ್ಲಿ ಎರಡೂ ನೀವೇ ವಿವರಿಸಿ ಹೇಳ್ರಿ. ನಿಮ್ಮತ್ತಿ ಇಲ್ಲೇ ಬದಿಗಿ ನಿಂದರ್ಲಿ."

ಇದೇ ಬೇಕಾಗಿತ್ತಲ್ಲವೇ ಎಂದು ಯಾರಾದರೂ ಅನ್ನಬಹುದು. ಹೆಸರು ನನ್ನದು, ಕುರ್ಚಿ ನನ್ನದು. ಆ ಸಭಾಂಗಣದಲ್ಲಿ ಅತ್ತೆ ಆಗ ಮೊದಲ ಸಲ ನನ್ನ ಮುಖ ನೋಡಿದರು. ಅವರ ಕೈ ಜರಡಿಯ ಅಂಚನ್ನು ಹಿಡಿದಿತ್ತು, ಯಾರೋ ಎಳೆದುಕೊಳ್ಳುತ್ತಾರೆ ಎಂಬಂತೆ. ಆ ಕುರ್ಚಿಯಲ್ಲಿ ಕೂತರೆ ಎಳೆದುಕೊಳ್ಳುವವಳು ನಾನೇ ಆಗುತ್ತಿದ್ದೆ.

"ನಾ ಹೇಳಂಗಿಲ್ರಿ," ಅಂದೆ. "ಜರಡಿ ನಂದಲ್ಲ. ಅದನ್ನ ಮಾಡಿದವರು ಮೀರಾಬಾಯಿ ಅಂತ, ಇಲ್ಲೇ ನಿಂತಾರ. ಬಾಟ್ಲಿ ಮಾಡಿದಾಕಿ ಮೀರಾಬಾಯಿ ಅಂತ, ಆಕಿ ನಾನು. ಬ್ಯಾನರ ತಪ್ಪಾಗೇದ, ತೆಗೀರಿ."

"ಈಗ ಹ್ಯಾಂಗ ತೆಗೀಲಿ ಟೀಚರ? ನೋಡವರಿಗಿ ಗೊಂದಲ ಆಗ್ತದ..."

"ಯಾಕ ಗೊಂದಲ?"

ಕೇಳಿದವರು ಅತ್ತೆ. ಜರಡಿ ಬಿಟ್ಟು ಮುಂದೆ ಬಂದಿದ್ದರು. "ನಿಮ್ಮ ಚರ್ಚಿನಾಗ ಎಷ್ಟು ಮಂದಿ ಆಲ್ಬರ್ಟ ಅದಾರ್ರಿ ಸರ್? ಒಬ್ಬರ ಪಗಾರ ಇನ್ನೊಬ್ಬರಿಗಿ ಕೊಡ್ತಾರೇನು?"

ಹಿಂದಿನ ಸಾಲು ನಕ್ಕಿತು. ಆಲ್ಬರ್ಟ್ ಸರ್ ಕೂಡ ನಗು ತಡೆಯಲಾರದೆ ಅತ್ತ ತಿರುಗಿದರು.

"ಇನ್ನೊಂದು ಕುರ್ಚಿ ತರಸ್ರಿ," ಎಂದರು ಅತ್ತೆ. "ಆ ಬಟ್ಟಿ ಕೆಳಗ ಇಳಸ್ರಿ. ಆಕಿ ಹೆಸರ ಏನು, ನನ್ನ ಹೆಸರ ಏನು, ನಮ್ಮ ಮನಿ ಮಾತು ನಾವು ನೋಡ್ತೇವಿ. ನನ್ನ ಜರಡಿ ಮಾತ್ರ ಯಾರೂ ನನ್ನ ಬದಲಿಗಿ ಹೇಳೂದು ಬ್ಯಾಡ."

ಬ್ಯಾನರು ಇಳಿಯಿತು. ಅತಿಥಿ ಬಂದಾಗ ಹಿಂದಿನ ಗೋಡೆಯಲ್ಲಿ ಬರೀ ಮೊಳೆಗಳಿದ್ದವು. ಅತ್ತೆ ಜರಡಿ ಎಳೆದು ಬಿಟ್ಟು ತೋರಿಸುತ್ತ, ಟ್ಯೂಬು ಯಾವ ಸೈಕಲ್ಲಿನದೆಂದು ಅತಿಥಿ ಕೇಳಿದ್ದಕ್ಕೆ "ನಿಮ್ಮದಲ್ಲ, ಅಂಜಬ್ಯಾಡ್ರಿ" ಎಂದರು. ನನ್ನ ಸರದಿ ಬಂದಾಗ ಅತಿಥಿ ಹೆಸರು ಕೇಳಿದರು. ಹೇಳಿದೆ. ಪಕ್ಕದ ಕುರ್ಚಿಯಲ್ಲಿ ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಕೂತಿದ್ದರು.

ಹಿಂದಿರುಗುವಾಗ ಆಟೋದಲ್ಲಿ ಬಿದಿರಿನ ಗಳ ಇಬ್ಬರ ತೊಡೆಯ ಮೇಲೂ ಅಡ್ಡ ಮಲಗಿದ್ದವು. ಊರ ನಡುವಿನ ಚೌಬಾರಾ ಗೋಪುರ ದಾಟಿದ ಮೇಲೆ ಅತ್ತೆ ಬಾಯಿಬಿಟ್ಟರು.

"ಅಷ್ಟು ಜೋರಾಗಿ ಹೇಳಬೇಕಿತ್ತೇನು?"

"ಹೌದ್ರಿ."

"ನಾಳಿ ಗಂಜಿನಾಗ ಎಲ್ಲಾರೂ ನನಗ ಆಡಕೊಂಡು ನಗ್ತಾರ."

"ನಗಲ್ರಿ."

ಅವರು ಹೊರಗೆ ನೋಡುತ್ತ ಅಂದರು: "ಸುನಂದಾ ಅಂಬೋ ಹೆಸರ ಛಲೋ ಇತ್ತು. ಎಷ್ಟು ವಿಚಾರ ಮಾಡಿ ಇಟ್ಟಿದ್ದೆ."

"ಅಷ್ಟು ಛಲೋ ಇದ್ರ ನೀವೇ ಇಟ್ಕೊಳ್ರಿ ಅತ್ತಿ."

ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿದ. ಅತ್ತೆ ನನ್ನತ್ತ ತಿರುಗಿದರು, ಕಣ್ಣು ದೊಡ್ಡದು ಮಾಡಿ. "ನಾ ಯಾಕ ಇಟ್ಕೊಳ್ಲಿ? ನನ್ನ ಹೆಸರಿಗಿ ಏನಾಗೇದ?"

"ನನ್ನ ಹೆಸರಿಗಿ ಏನಾಗೇದ್ರಿ?"

ಮನೆ ಬಂತು. ಅತ್ತೆ ಇಳಿದು, ಗಳಗಳ ಒಂದು ತುದಿಯನ್ನು ಹೆಗಲಿಗಿಟ್ಟುಕೊಂಡು, ಇನ್ನೊಂದು ತುದಿಗೆ ನಾನು ಕೈಹಾಕುವುದನ್ನೇ ಕಾಯುತ್ತ ನಿಂತರು. "ಏ" ಅನ್ನಲಿಲ್ಲ, "ಔರಾದ ಸಾಲಿಯಾಕಿ" ಅನ್ನಲಿಲ್ಲ. ಅವರು ಏನಾದರೂ ಅಂದು ಕರೆಯಲೇಬೇಕೆಂದು ನಾನೂ ಚೀಲ ಹಿಡಿದು ಆಟೋದ ಪಕ್ಕ ನಿಂತೇ ಇದ್ದೆ. ಬಿಸಿಲು ಚುರುಗುಟ್ಟುತ್ತಿತ್ತು.

"ಹಿಡಿಯವ್ವ ಮೀರಾಬಾಯಿ," ಎಂದರು ಕಡೆಗೆ, ಹಲ್ಲು ಕಚ್ಚಿ. "ಹೆಗಲ ಹೋಯ್ತು ನಂದು."