ಅರ್ಧ ನಮಾನ್ ಮರಿಯೆ

"ಕಾರಣದ ಜಾಗ ಖಾಲಿ ಉಂಟಲ್ಲ, ಜೋಕಿಮರೇ," ಎಂದು ಸ್ಫೋಟಕ ಇಲಾಖೆಯ ಇನ್‌ಸ್ಪೆಕ್ಟರ್ ಸರ್ವೋತ್ತಮ ರಾವ್ ಕಾಗದವನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟರು.

ಜೋಕಿಮ್ ಬಗ್ಗಿ ನೋಡಿದ. ಉಡುಪಿಗೆ ಬರುವ ಗಡಿಬಿಡಿಯಲ್ಲಿ ಕನ್ನಡಕ ಮನೆಯಲ್ಲೇ ಉಳಿದಿತ್ತು. ತಂದಿದ್ದರೂ ಆ ಗೆರೆಯಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಹೆಸರು, ಊರು ಕಟಪಾಡಿ, ಲೈಸೆನ್ಸಿನ ನಂಬರು ಎಲ್ಲವನ್ನೂ ಗುಮಾಸ್ತ ತುಂಬಿಸಿದ್ದ. 'ರಾಕೆಟ್ ವಿಫಲವಾದ ಕಾರಣ' ಎಂಬಲ್ಲಿ ಮಾತ್ರ ಬಿಳಿ. ಜೋಕಿಮನಿಗೆ ಆ ರಾಕೆಟ್ ಎಂಬ ಶಬ್ದವೇ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ರಾಕೆಟ್ ಎಂದರೆ ಅಮೆರಿಕದವರು ಚಂದ್ರನಿಗೆ ಕಳಿಸಿದ್ದು. ಅವನು ಮಾಡುತ್ತಿದ್ದದ್ದು ಬಾಣ. ಕಾಗದದ ನಳಿಗೆ, ಅದರೊಳಗೆ ಮದ್ದು, ಬದಿಗೊಂದು ಬಿದಿರಿನ ಕೋಲು. ಬತ್ತಿಗೆ ಬೆಂಕಿ ತಾಗಿಸಿದರೆ ತೆಂಗಿನ ತುದಿ ದಾಟಿ ಮೇಲೆ ಹೋಗಿ ಒಡೆಯಬೇಕು, ಅಷ್ಟೆ. ಇಪ್ಪತ್ತಾರು ವರ್ಷ ಬಾಣಗಳು ಹಾಗೆಯೇ ಹೋಗಿದ್ದವು. ಕ್ರಿಸ್ತುವರ ಇಗರ್ಜಿಯ ಹಬ್ಬವಿರಲಿ, ಭೂತದ ಕೋಲವಿರಲಿ, ಕಾಪುವಿನಿಂದ ಕಾರ್ಕಳದವರೆಗೆ ಬಾಣ ಪೊರ್ಬುಗಳದ್ದೇ ಆಗಬೇಕು ಎನ್ನುವವರಿದ್ದರು. ತುಳುವರು ಕ್ರಿಸ್ತುವರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

ಒಂದು ಬಾಣ ಮಾತ್ರ ಮೇಲೆ ಹೋಗಲಿಲ್ಲ. ಎಪ್ಪತ್ತೊಂಬತ್ತರ ಜನವರಿ, ಊರ ಇಗರ್ಜಿಯ ಹಬ್ಬದ ಮುನ್ನಾದಿನ. ಹದಿನಾಲ್ಕನೆಯದು ಆಳೆತ್ತರಕ್ಕೆ ಏರಿ, ಅಲ್ಲೇ ಸಿಡಿದು, ಅಡ್ಡ ತಿರುಗಿ, ಗೇಟಿನ ಬಳಿ ಮಲ್ಲಿಗೆ ಮಾರುತ್ತ ಕೂತಿದ್ದ ಗುಣವತಿಯ ಬುಟ್ಟಿಗೆ ನುಗ್ಗಿತು. ಬುಟ್ಟಿಯಲ್ಲಿ ಅವಳ ಬಲಗೈ ಇತ್ತು. ಮಣಿಪಾಲದ ಡಾಕ್ಟರರು ಕೈ ಉಳಿಸಿದರು, ಆದರೆ ಮೂರು ಬೆರಳು ಒಂದಕ್ಕೊಂದು ಅಂಟಿದ್ದು ಅಂಟಿದ ಹಾಗೇ ಉಳಿಯಿತು. ಹೂ ಕಟ್ಟುವವಳಿಗೆ ಬೆರಳೇ ಆಡದ ಮೇಲೆ ಆ ಕೈ ಯಾಕೆ?

ಮರುವಾರ ಸರಕಾರದ ಕಾಗದ ಬಂತು. ವಿಚಾರಣೆ ಮುಗಿಯುವ ತನಕ ಬಾಣ ಮಾಡಕೂಡದು, ಹಾರಿಸಕೂಡದು. ಬಾಣದ ಕೊಟ್ಟಿಗೆಗೆ ಅರಗಿನ ಮುದ್ರೆ ಬಿತ್ತು. ಸಾವಿರಾರು ಬಾಣ ನೆಟ್ಟಗೆ ಹೋದದ್ದಕ್ಕೆ ಇಷ್ಟು ವರ್ಷ ಯಾರೂ ಒಂದು ಕಾರ್ಡು ಕೂಡ ಬರೆದಿರಲಿಲ್ಲ.

ಕಾರಣ ಜೋಕಿಮನಿಗೆ ಗೊತ್ತಿಲ್ಲದೆ ಇರಲಿಲ್ಲ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ, ಅಂಥದ್ದು.

ಮದ್ದನ್ನು ಒಂದೊಂದೇ ಚಮಚ ನಳಿಗೆಗೆ ಸುರಿದು ಮರದ ಕೊಡತಿಯಿಂದ ಜಡಿಯಬೇಕು. ಎಷ್ಟು ಜಡಿಯಬೇಕು ಎಂದರೆ, ಒಂದು ನಮಾನ್ ಮರಿಯೆ ಹೇಳಿ ಮುಗಿಯುವಷ್ಟು. ಜಪಸರದ ಮಣಿಮಣಿಗೂ ಯೇಸುವಿನ ತಾಯಿ ಮರಿಯಮ್ಮನಿಗೆ ಹೇಳುವ ಆ ಪ್ರಾರ್ಥನೆಗೆ ಎರಡು ಅರ್ಧ. ಮೊದಲರ್ಧಕ್ಕೆ ಮೆಲ್ಲಗೆ ಆರು ಪೆಟ್ಟು, ಎರಡನೆಯದಕ್ಕೆ ಗಟ್ಟಿಯಾಗಿ ಆರು, ಆಮೆನ್. ಮತ್ತೆ ಇನ್ನೊಂದು ಚಮಚ. ಅಪ್ಪ ಕಲಿಸಿದ್ದು ಹಾಗೆ. ಗಡಿಯಾರ ಕಟ್ಟಿಕೊಂಡವರು ನಗಲಿ ಬೇಕಾದರೆ. ಮರಿಯಮ್ಮನ ಲೆಕ್ಕ ಅವನಿಗೆ ಎಂದೂ ತಪ್ಪಿರಲಿಲ್ಲ. ಅರ್ಧ ಜಡಿದರೆ ಮದ್ದು ಸಡಿಲ ಕೂರುತ್ತದೆ. ಆಗ ಬೆಂಕಿ ಮೆಲ್ಲಗೆ ತಿನ್ನುವುದನ್ನು ಬಿಟ್ಟು ಒಮ್ಮೆಲೇ ನುಂಗುತ್ತದೆ, ನಳಿಗೆ ಒಡೆಯುತ್ತದೆ.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅವನು ಒಂದು ಚಮಚದ ಮೊದಲರ್ಧ ಮುಗಿಸಿದ್ದ. ಬಾಗಿಲಲ್ಲಿ "ಪೊರ್ಬುಲೇ" ಎಂದು ಯಾರೋ ಕರೆದರು. ಗುಣವತಿ. ಪ್ರತಿವರ್ಷದ ಹಾಗೆ ಜೋಕಿಮನ ಮನೆಯ ದೇವರ ಪೀಠಕ್ಕೆ, ಅಲ್ತಾರಿಗೆಂದು, ಒಂದು ಚೆಂಡು ಮಲ್ಲಿಗೆ ಬಾಳೆಲೆಯಲ್ಲಿ ಕಟ್ಟಿ ತಂದಿದ್ದಳು. ಬಾಗಿಲಿಗೆ ಬಂದವರನ್ನು ಕಾಯಿಸಬಾರದು ಎಂದು ಜೋಕಿಮ್ ಕೊಡತಿ ಕೆಳಗಿಟ್ಟು ಎದ್ದ. ಅವಳ ಮಗಳು ಕುಶಲಾಳ ಪರೀಕ್ಷೆಯ ಬಗ್ಗೆ ಎರಡು ಮಾತಾಯಿತು. ತಿರುಗಿ ಬಂದು ಕೂತವನು ಆಮೆನ್ ಹೇಳಿಯಾಗಿದೆ ಎಂದುಕೊಂಡು ಮುಂದಿನ ಚಮಚ ಸುರಿದ. ಪಕ್ಕದಲ್ಲಿ ಕಾಗದ ಸುತ್ತುತ್ತಿದ್ದ ಹೆಂಡತಿ ಅಪೊಲೋನಿಯಾಳಿಗೂ ಆಗ ಹೊಳೆಯಲಿಲ್ಲ. ಬಾಣ ಅಡ್ಡ ಬಿದ್ದಾಗ ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

ಇದ್ದದ್ದನ್ನು ಇದ್ದ ಹಾಗೆ ಹೇಳಿ ಬನ್ನಿ ಎಂದು ಅಪೊಲೋನಿಯಾ ಎರಡು ತಿಂಗಳಿಂದ ಹೇಳುತ್ತಿದ್ದಳು. ಗುಣವತಿ ಕರೆದದ್ದು ಸುಳ್ಳಾ? ಕರೆಯದಿದ್ದರೆ ನೀವು ಏಳುತ್ತಿದ್ದಿರಾ? ಮಣಿಪಾಲದ ವಾರ್ಡಿಗೆ ಜೋಕಿಮ್ ಮೂರು ಭಾನುವಾರ ಹೋಗಿದ್ದ. ಬ್ಯಾಂಡೇಜಿನ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಗುಣವತಿ ಅವನನ್ನೇ ಸಮಾಧಾನ ಮಾಡಿದ್ದಳು. ನನ್ನ ಗ್ರಹಚಾರ ಪೊರ್ಬುಲೇ, ನಿಮ್ಮ ಬಾಣ ಯಾವತ್ತಾದರೂ ತಪ್ಪಿದ್ದುಂಟಾ ಎಂದಿದ್ದಳು.

ಸರ್ವೋತ್ತಮ ರಾವ್ ಕೆಟ್ಟವರಲ್ಲ. ಗುಮಾಸ್ತನನ್ನು ಚಹಾಕ್ಕೆ ಕಳಿಸಿ, ಕುರ್ಚಿ ಹತ್ತಿರ ಎಳೆದುಕೊಂಡರು.

"ನೋಡಿ, ಮದ್ದು ಪರೀಕ್ಷೆಗೆ ಕಳಿಸಿಯಾಯಿತು. ಒದ್ದೆ ಇಲ್ಲ, ಕಲಬೆರಕೆ ಇಲ್ಲ. ಹಾಗಾದರೆ ತುಂಬಿಸುವಾಗ ಎಂತದೋ ಆಗಿದೆ, ಅಲ್ವಾ? ಹೊರಗಿನವರು ಯಾರಾದರೂ ಬಂದು ಕೆಲಸ ಕೆಡಿಸಿದ್ದಾದರೆ ಹೆಸರು ಹೇಳಿ. ಅವರನ್ನೂ ಕರೆಸಿ ಹೇಳಿಕೆ ತೆಗೆದುಕೊಳ್ಳುತ್ತೇನೆ. ಇನ್ನು ಮುಂದೆ ಬಾಗಿಲು ಹಾಕಿ ಕೆಲಸ ಮಾಡತಕ್ಕದ್ದು ಎಂದು ಬರೆದು ಲೈಸೆನ್ಸ್ ವಾಪಸು ಕೊಡಬಹುದು. ಕಾರಣವೇ ಗೊತ್ತಿಲ್ಲ ಎಂದರೆ ಹೇಗೆ ಕೊಡುವುದು? ಗೊತ್ತಿಲ್ಲದ್ದು ನಾಳೆ ಪುನಃ ಆದೀತು."

ನ್ಯಾಯದ ಮಾತೇ. ಜೋಕಿಮ್ ತಾನು ಕೂತ ಕುರ್ಚಿಯಲ್ಲಿ ಗುಣವತಿಯನ್ನು ಕಂಡ. ಆ ದಿನ ನೀವು ಕರೆದದ್ದು ಹೌದಾ ಎಂದು ಕೇಳುತ್ತಾರೆ. ಹೌದು ಎನ್ನುತ್ತಾಳೆ, ಸುಳ್ಳು ಹೇಳಲು ಬಾರದ ಹೆಂಗಸು. ಎಡಗೈ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಆಮೇಲೆ ಅವಳು ಮೆಟ್ಟಿಲಿಳಿದು ಹೋಗುತ್ತಾಳೆ, ತನ್ನ ಕೈಯನ್ನು ತಾನೇ ಸುಟ್ಟುಕೊಂಡೆ ಎಂದು ತಿಳಿದುಕೊಂಡು. ಸಾಯುವ ತನಕ ಅದನ್ನು ತಿಳಿದುಕೊಂಡೇ ಇರುತ್ತಾಳೆ. ಪ್ರಾರ್ಥನೆ ಅರ್ಧಕ್ಕೆ ಬಿಟ್ಟು ಎದ್ದದ್ದಾದರೋ ಅವಳಲ್ಲ.

"ನಾನೇ ಮರೆತದ್ದು ಸರ್," ಎಂದ ಜೋಕಿಮ್. "ಒಂದು ಸುತ್ತು ಅರ್ಧಕ್ಕೆ ಬಿಟ್ಟೆ."

"ಯಾರೂ ಬಂದಿರಲಿಲ್ಲ?"

"ಯಾರೂ ಬಂದಿರಲಿಲ್ಲ."

ರಾವ್ ಪೆನ್ನು ಕೆಳಗಿಟ್ಟರು. ಹಾಗೆ ಬರೆದರೆ ಅದು ನಿರ್ಲಕ್ಷ್ಯವಾಗುತ್ತದೆ, ನಿರ್ಲಕ್ಷ್ಯಕ್ಕೆ ಲೈಸೆನ್ಸ್ ಶಾಶ್ವತ ರದ್ದು, ಮನೆಗೆ ಹೋಗಿ ಯೋಚಿಸಿ ಬನ್ನಿ ಎಂದರು. ಜೋಕಿಮ್ ಬೇಡವೆಂದು ತಲೆಯಾಡಿಸಿದ.

"ಬರೆಯಿರಿ ಸರ್. ಕಡೆಯ ಬಸ್ಸಿಗೆ ಹೆಂಡತಿ ಕಾಯುತ್ತಾಳೆ."

ಅಪೊಲೋನಿಯಾ ಹದಿನೈದು ದಿನ ಅವನ ಹತ್ತಿರ ಮಾತಾಡಲಿಲ್ಲ. ಅವಳ ಸಿಟ್ಟಿನಲ್ಲಿ ತಪ್ಪೇನೂ ಇರಲಿಲ್ಲ. ಆ ಕೊಟ್ಟಿಗೆಯಲ್ಲಿ ಅವಳ ಇಪ್ಪತ್ತಾರು ವರ್ಷವೂ ಇತ್ತು. ಕೊಡತಿ, ನಳಿಗೆಯ ಅಚ್ಚು ಎಲ್ಲವನ್ನೂ ಇಲಾಖೆಯವರು ಗೋಣಿಯಲ್ಲಿ ತುಂಬಿಸಿಕೊಂಡು ಹೋದರು. ಪೊರ್ಬುಗಳಿಗೆ ಮರೆವಂತೆ ಎಂಬ ಮಾತು ಕಟಪಾಡಿಯ ಬಸ್‌ಸ್ಟ್ಯಾಂಡಿನಿಂದ ಹೊರಟು ಕಾರ್ಕಳ ಮುಟ್ಟಿತು. ಮರುವರ್ಷದ ಹಬ್ಬಕ್ಕೆ ಇಗರ್ಜಿಯವರು ಶಿವಕಾಶಿಯಿಂದ ಪೆಟ್ಟಿಗೆ ತರಿಸಿಕೊಂಡರು.

ಆ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಮುಸ್ಸಂಜೆ ಗಂಡಹೆಂಡಿರು ಜಪಸರಕ್ಕೆ ಕೂತಿದ್ದರು. ನಮಾನ್ ಮರಿಯೆ ಬಂದಾಗಲೆಲ್ಲ ಜೋಕಿಮನ ಬಲಗೈ ತನ್ನಷ್ಟಕ್ಕೆ ಮೊಣಕಾಲಿನ ಮೇಲೆ ಬಡಿಯುತ್ತಿತ್ತು, ಮೆಲ್ಲಗೆ ಆರು, ಗಟ್ಟಿಯಾಗಿ ಆರು. ಅಂಗಳದಿಂದ "ಪೊರ್ಬುಲೇ" ಎಂದು ಕೇಳಿಸಿತು. ಅಪೊಲೋನಿಯಾ ಏಳಹೋದಳು. ಅವನು ಎಡಗೈ ಎತ್ತಿ ಅವಳನ್ನು ಕೂರಿಸಿದ. ಹತ್ತು, ಹನ್ನೊಂದು, ಹನ್ನೆರಡು. ಆಮೆನ್ ಹೇಳಿ ಎದ್ದು ಬಾಗಿಲಿಗೆ ಹೋದ.

ಗುಣವತಿ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. ಬಾಳೆಲೆಯ ಕಟ್ಟನ್ನು ಎಡಗೈಯಲ್ಲಿ ಚಾಚಿದಳು. ಕುಶಲಾ ಕಟ್ಟಿದ್ದು, ಅವಳಿಗೆ ಇನ್ನೂ ಗಂಟು ಕೂರುವುದಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ನೀವು ಮರೆತದ್ದು ಅಂತ ಎಲ್ಲರೂ ಹೇಳುತ್ತಾರೆ. ಮೊದಲು ಸ್ವಲ್ಪ ಬೇಸರ ಆಯಿತು ನನಗೆ, ಸುಳ್ಳು ಯಾಕೆ ಹೇಳಲಿ. ಈಗ ಇಲ್ಲ. ನಿಮ್ಮನ್ನು ಕ್ಷಮಿಸಿದ್ದೇನೆ ಪೊರ್ಬುಲೇ. ಅದನ್ನೇ ಹೇಳಿಹೋಗುವ ಅಂತ ಬಂದೆ."

ಒಳಗೆ ಅಪೊಲೋನಿಯಾಳ ಜಪಸರದ ಸದ್ದು ನಿಂತಿತು.

"ಒಳ್ಳೆಯದಾಯಿತು," ಎಂದ ಜೋಕಿಮ್, ಎರಡೂ ಕೈಯಲ್ಲಿ ಹೂ ತೆಗೆದುಕೊಂಡು.

ಬಾಗಿಲಿನಿಂದ ಅಲ್ತಾರಿಗೆ ಏಳೆಂಟು ಹೆಜ್ಜೆ. ಅಷ್ಟರಲ್ಲಿ ಸಡಿಲ ಗಂಟುಗಳಿಂದ ಮೊಗ್ಗುಗಳು ಒಂದೊಂದಾಗಿ ನೆಲಕ್ಕೆ ಉದುರಿದವು. ಅಪೊಲೋನಿಯಾ ಅವನ ಹಿಂದೆಯೇ ಬಗ್ಗಿ, ಅವನ್ನು ಮಡಿಲಿಗೆ ಹೆಕ್ಕುತ್ತ ಬಂದಳು.