ಭಾವನ ಹಲ್ಲಿಗೆ ನೀಲಿ ಬೆಳಕು

ಅಕ್ಕನ ಮದುವೆಗೆ ಮೂರೇ ದಿನ ಇರುವಾಗ ಮದುಮಗನ ಮುಂದಿನ ಹಲ್ಲು ಅರ್ಧ ಮುರಿದದ್ದು ನನ್ನಿಂದಲೇ. ಗುರುವಾರ ಬೆಳಿಗ್ಗೆ ಸೀನಪ್ಪ ಭಾವ ಕೆಜಿಎಫ್‌ನಿಂದ ಕ್ಯಾಸಂಬಳ್ಳಿಗೆ, ನಮ್ಮ ಮನೆಗೆ, ಧಾರೆ ಸೀರೆ ತಂದಿದ್ದ. ಹುರಿಗಡಲೆ ತಟ್ಟೆಯಲ್ಲಿ ನಾನು ಒಂದೇ ಒಂದು ಬೆಣಚುಕಲ್ಲು ಸೇರಿಸಿದ್ದೆ. ತಮಾಷೆಗೆ. ಕಟಕ್!

ಭಾವ ಬಾಯಿಗೆ ಟವೆಲ್ ಅಡ್ಡ ಹಿಡಿದ. "ಈ ಮೂತೀಲಿ ನಾನು ಅಸೆಮಣೆ ಏರಾಕಿಲ್ಲ. ಮದ್ವೆ ಮುಂದಕ್ಕಾಕಿ."

ಅಕ್ಕ ಅಡುಗೆಮನೆಯಲ್ಲಿ ಅಳತೊಡಗಿದಳು.

"ಈ ಬಚ್ಚಪ್ಪನ ಉಸಿರಿರೋವರ್ಗೂ ಈ ಮದ್ವೆ ನಿಲ್ಲಾಕಿಲ್ಲ!" ಎಂದು ಎದೆ ತಟ್ಟಿ, ಭಾವನನ್ನು ಬಂಗಾರಪೇಟೆ ಬಸ್ಸಿಗೆ ಹತ್ತಿಸಿದೆ.

ಹಲ್ಲಿನ ಡಾಕ್ಟರ್ ವೆಂಕಟರತ್ನಮ್ಮ ಅಲ್ಲಿನ ಕ್ಲಿನಿಕ್ಕಿಗೆ ಬೆಂಗಳೂರಿನಿಂದ ಗುರುವಾರ ಮಾತ್ರ ಬರುತ್ತಿದ್ದರು. ಹಲ್ಲಿನದೇ ಬಣ್ಣದ ಮೆತ್ತನೆಯ ಅಂಟನ್ನು ಸ್ವಲ್ಪ ಮೆತ್ತಿ, ಪಿಸ್ತೂಲಿನಂಥದ್ದನ್ನು ಹಿಡಿದು ಗುಂಡಿ ಒತ್ತಿದರು. ನೀಲಿ ಬೆಳಕು. ಇಪ್ಪತ್ತು ಸೆಕೆಂಡಿಗೆ ಅಂಟು ಕಲ್ಲಾಯಿತು. ಕೊನೆಯ ಪದರ ಮೆತ್ತಿ, ಹಲ್ಲಿನ ತುದಿ ತಿದ್ದಿ, ಅದಕ್ಕೆ ಬೆಳಕು ಹಿಡಿಯುವ ಮೊದಲೇ ಕರೆಂಟು ಹೋಯಿತು.

"ಇನ್ನು ಆರು ಗಂಟೆಗೇ ಬರೋದು. ನನ್ನ ಟ್ರೈನು ನಾಲ್ಕೂವರೆಗೆ" ಎಂದರು ಡಾಕ್ಟರ್.

"ನಮ್ಮ ಮಾವ ಚಿನ್ನದ ಗಣೀಲಿ ತಲೆಗೆ ಕಟ್ಕಣೋ ಲೈಟು ತರ್ಲಾ, ಮೇಡಂ?"

"ಅದ್ರಿಂದ ಆಗಲ್ಲ ಅಬ್ಬಾಯ್. ಮೇಲೆ ತೊಗಟೆ ಕಟ್ಟುತ್ತೆ, ಒಳಗೆ ಹಸೀನೇ ಇರುತ್ತೆ." ಕಿಟಕಿಯ ಬೆಳಕಿಗೂ ತೊಗಟೆ ಕಟ್ಟದಂತೆ ಅವರು ಭಾವನ ಮುಖಕ್ಕೆ ಕೊಡೆ ಹಿಡಿದರು.

ಭಾವನ ಬಾಯಿ ತುಂಬ ಹತ್ತಿ. ಇದಕ್ಕಿಂತ ಒಳ್ಳೆಯ ಸಮಯ ಸಿಗದು. "ಭಾವ, ಕಲ್ಲಾಕಿದ್ದು ನಾನೇ."

"ಆಆಆ!"

ನಾನು ಕೆಳಕ್ಕೆ ಓಡಿದೆ. ಕ್ಲಿನಿಕ್ಕಿನ ಕೆಳಗೇ ಕುಪ್ಪುಸ್ವಾಮಿಯ ವಿಡಿಯೋ ಪಾರ್ಲರ್. ಅಲ್ಲಿ ಜನರೇಟರ್ ಗುಡುಗುತ್ತಿತ್ತು. ಅದಕ್ಕಿದ್ದದ್ದು ಒಂದೇ ಪ್ಲಗ್ಗು, ಅದೂ ಟೀವಿಗೆ. ಒಳಗೆ ಮೂವತ್ತು ಜನ, ಕ್ಲೈಮ್ಯಾಕ್ಸ್.

"ಡೇಯ್ ತಂಬಿ, ಈಗ ಪ್ಲಗ್ ಕಿತ್ರೆ ನನ್ನ ಬೆಂಚೆಲ್ಲಾ ಮುರಿದಾಕ್ತಾರೆ!" ಎಂದ ಕುಪ್ಪುಸ್ವಾಮಿ.

"ಒಂದೇ ನಿಮಿಷ ಮೇಲಕ್ಕೆ ಕರೆಂಟು ಕೊಡು, ಅಣ್ಣಾ. ಜನಾನ ನಾನು ನೋಡ್ಕಂತೀನಿ."

ಕ್ಲಿನಿಕ್ಕಿನ ಕಾಂಪೌಂಡರ್ ಮೇಲಿನಿಂದ ವೈರು ಇಳಿಬಿಟ್ಟ. ಟೀವಿ ಸತ್ತಿತು. "ಏಯ್! ಯಾವನ್ಲಾ ಅವ್ನು?" ಎಂದು ಮೂವತ್ತು ಬಾಯಿ ಒಟ್ಟಿಗೆ ಕೂಗಿದವು. ನಾನು ಟೀವಿ ಮುಂದೆ ಜಿಗಿದೆ.

"ನಿಲ್ಲೋ ಪಾಪಿ! ನಿನ್ನ ಕೈಯಾಗೆ ಕತ್ತಿ ಐತೆ. ನನ್ನ ಕೈಯಾಗೆ ನಮ್ಮಕ್ಕನ ಅರಿಶಿನ ಕುಂಕುಮ ಐತೆ!"

ಒಬ್ಬ ಶಿಳ್ಳೆ ಹಾಕಿದ. ಆಮೇಲೆ ನಾನೇ ವಿಲನ್, ನಾನೇ ಹೀರೋ, ನಾನೇ ಢಿಶುಂ. ಸಾಯುವ ತಾಯಿಯಾಗಿ ನೆಲಕ್ಕೆ ಬಿದ್ದಿದ್ದಾಗ ಮೇಲಿನಿಂದ ಡಾಕ್ಟರ್ ಕೂಗಿದರು: "ಅಯಿಪೋಯಿಂದಿ! ಮುಗೀತು!"

ಟೀವಿ ಮತ್ತೆ ಬಂತು. ಯಾರೂ ಅತ್ತ ತಿರುಗಲಿಲ್ಲ. ಮೆಟ್ಟಿಲಿಳಿದು ಬಂದ ಭಾವನನ್ನು ನೋಡುತ್ತಿದ್ದರು. ಭಾವ ನಾಲಿಗೆಯಿಂದ ಹಲ್ಲು ಸವರಿಕೊಂಡ, ಪಾರ್ಲರಿನ ಕನ್ನಡಿಯಲ್ಲಿ ನೋಡಿಕೊಂಡ. ಹಳೆಯದು ಯಾವುದು, ಹೊಸದು ಯಾವುದು, ಗೊತ್ತೇ ಆಗುತ್ತಿರಲಿಲ್ಲ. ನಾನು ಏಟಿಗೆ ಸಿದ್ಧನಾಗಿ ತಲೆ ಬಗ್ಗಿಸಿದೆ.

"ಇದ್ಕಾ ನಮ್ಮ ಫೈಟು ನಿಲ್ಸಿದ್ದು?" ಎಂದ ಶಿಳ್ಳೆಯವನು.

ಭಾವ ಬಾಯಿ ತುಂಬ ನಕ್ಕ. "ಊಂ ಕಣ್ರಪ್ಪಾ. ಭಾನುವಾರ ಕ್ಯಾಸಂಬಳ್ಳೀಲಿ ನನ್ನ ಮದ್ವೆ. ಎಲ್ಲಾರೂ ಬನ್ನಿ." ಆಮೇಲೆ ನನ್ನ ಕಿವಿ ಹಿಂಡಿದ. "ಈ ಮೂವತ್ತು ಜನಕ್ಕೂ ನೀನೇ ಬಡಿಸ್ಬೇಕು ಕಣ್ಲಾ, ಬಚ್ಚ."